ಗ್ಲಾಸ್ಗೋ ನಗರದ ಚೂರಿಬೇನೆ

ಸ್ಕಾಟ್ಲಂಡದ ಪಶ್ಚಿಮ ಭಾಗದಲ್ಲಿ ಕ್ಲೈಡ್ ನದಿಯ ಎರಡೂ ದಂಡೆಗಳ ಮೇಲೆ ಹಬ್ಬಿರುವ ಗ್ಲಾಸ್ಗೋ ನಗರದ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಉಗಿಯಂತ್ರದ ಪಾಠದಲ್ಲಿ ಕೇಳಿರಬಹುದು. ಜೇಮ್ಸ್ ವ್ಯಾಟನು ಅಲ್ಲಿಯ ವಿಶ್ವವಿದ್ಯಾಲಯದ ಉಪಕರಣಗಳನ್ನು ದುರಸ್ತಿ ಮಾಡಿಕೊಂಡಿದ್ದ ಕಾಲದಲ್ಲಿಯೇ ಉಗಿಯಂತ್ರವನ್ನು ಸುಧಾರಿಸುವ ಯುಕ್ತಿಯನ್ನು ಕಂಡುಕೊಂಡನು. ಮುಂದೆ ಆ ನದಿಯ ದಂಡೆಯಲ್ಲಿ ಕಟ್ಟಿದ ಹಡಗುಗಳು ಜಗತ್ತಿನ ಎಲ್ಲ ಸಮುದ್ರಗಳ ಮೇಲೆಯೂ ಓಡಾಡಿದವು. ಇಂಥ ಊರು ಈ ಶತಮಾನದ ಆರಂಭದಲ್ಲಿ ಬೇರೊಂದು ಕಾರಣದಿಂದ ಹೆಸರಾಯಿತು. ಪಶ್ಚಿಮ ಯುರೋಪಿನಲ್ಲಿ ಅತಿ ಹೆಚ್ಚು ಕೊಲೆಗಳು ನಡೆಯುವ ನಗರಗಳ ಸಾಲಿನಲ್ಲಿ ಅದನ್ನು ಎಣಿಸತೊಡಗಿದರು. ಇರಿದವರೂ ಇರಿಸಿಕೊಂಡವರೂ ಬಹುಮಟ್ಟಿಗೆ ತರುಣರು. ಆಯುಧವು ಬಹುಮಟ್ಟಿಗೆ ಚೂರಿ. ಆಮೇಲಿನ ಹತ್ತು ಹದಿನೈದು ವರ್ಷಗಳಲ್ಲಿ ಆ ನಗರವು ಈ ಪಿಡುಗನ್ನು ಬಹಳಷ್ಟು ತಗ್ಗಿಸಿತು. ಅದು ಹೇಗೆ ಸಾಧ್ಯವಾಯಿತು, ಅದರಲ್ಲಿ ಶಾಲೆಗಳ ಪಾಲು ಎಷ್ಟು ಎಂಬುದನ್ನು ಪಾಲಕರೂ ಮೇಲಿನ ತರಗತಿಗಳ ವಿದ್ಯಾರ್ಥಿಗಳೂ ತಿಳಿದಿರುವುದು ಒಳ್ಳೆಯದೆಂದು ಇಲ್ಲಿ ಬರೆಯುತ್ತಿದ್ದೇನೆ.

ಟೋಳಿಗಳ ಕಾಟವು ಆ ಊರಿಗೆ ಹೊಸದೇನಲ್ಲ. ೧೯೨೦ ಮತ್ತು ೧೯೩೦ರ ದಶಕಗಳಲ್ಲಿಯೇ ಕ್ಷೌರದ ಕತ್ತಿಯನ್ನು ಹಿಡಿದ ತರುಣರ ಟೋಳಿಗಳು ಅಲ್ಲಿಯ ಬೀದಿಗಳಲ್ಲಿ ಬಡಿದಾಡುತ್ತಿದ್ದವು. ಬ್ರಿಜ್‌ಟನ್ ಎಂಬ ಭಾಗದಲ್ಲಿ ಪ್ರಾಟೆಸ್ಟಂಟ್ ತರುಣರದು ‘ಬಿಲ್ಲಿ ಬಾಯ್ಸ್’ ಎಂಬ ಟೋಳಿ. ಅದಕ್ಕೆ ಎದುರಾಗಿ ಕೆಥೊಲಿಕ್ ತರುಣರದು ‘ನಾರ್ಮನ್ ಕಾಂಕ್ಸ್’. ೧೯೩೧ರಲ್ಲಿ ಪೋಲೀಸ್ ಮುಖ್ಯಾಧಿಕಾರಿಯಾಗಿ ಬಂದ ಪರ್ಸಿ ಸಿಲಿಟೋ ಎಂಬವರು ದಂಡೋಪಾಯದಿಂದಲೇ ಅವುಗಳ ಸೊಕ್ಕನ್ನು ಇಳಿಸಿದರು. (ಇದೇ ಗೃಹಸ್ಥರು ಮುಂದೆ ೧೯೪೬ರಲ್ಲಿ ಬ್ರಿಟನ್ನಿನ ಗುಪ್ತಚಾರ ಇಲಾಖೆಯ ಮುಖ್ಯಸ್ಥರಾದರು.) ಆದರೆ ಸೊಕ್ಕು ಇಳಿದರೂ ಬೇರು ಒಣಗಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ನಗರದ ನಡುವಣ ಕೊಳಕು ವಸತಿಗಳನ್ನು ತೆರವು ಮಾಡಿ ಜನರನ್ನು ಊರಂಚಿನ ಹೊಸ ಬಡಾವಣೆಗಳಿಗೆ ಸಾಗಿಸಿದರು. ಪೂರ್ವದಿಕ್ಕಿನ ಈಸ್ಟರ್‌ಹೌಸ್ ಅಂಥವುಗಳಲ್ಲಿ ಒಂದು. ಮನೆಗಳನ್ನು ಸಾವಿರಗಟ್ಟಲೆ ಕಟ್ಟಿದರು. ಅಂಗಡಿ, ಆಟದ ಬಯಲು, ತರುಣರು ಕೂಡಿ ಕುಳಿತುಕೊಳ್ಳುವ ಒಂದು ಮಂದಿರ ಇವುಗಳ ಚಿಂತೆಯನ್ನು ಮಾತ್ರ ಮುಂದಕ್ಕೆ ಹಾಕಿದರು. ಹುಡುಗರು ಮೂಲೆಮೂಲೆಗೆ ಗುಂಪುಗೂಡಿದರು, ಗುಂಪುಗಳಿಗೆ ಹೆಸರು ಬಂದವು, ಹೆಸರಿನ ಬೆನ್ನಿಗೆ ಹಗೆತನ ಬಂದಿತು. ೧೯೬೮ರಲ್ಲಿ ಫ್ರ್ಯಾಂಕಿ ವಾನ್ ಎಂಬ ಜನಪ್ರಿಯ ಗಾಯಕನು ಅಲ್ಲಿಗೆ ಹೋಗಿ ಟೋಳಿಗಳ ಮುಖಂಡರೊಡನೆ ಕುಳಿತು ಮಾತನಾಡಿದನು. ಹುಡುಗರು ತಮ್ಮ ಕತ್ತಿ ಚೂರಿಗಳನ್ನು ತಂದು ಕಸದ ಡಬ್ಬಿಗಳಲ್ಲಿ ಹಾಕಿದರು. ಅವರಿಗಾಗಿ ಒಂದು ಯುವಕ ಕೇಂದ್ರವೂ ತೆರೆಯಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಈ ಸತ್ಕಾರ್ಯದಿಂದಲೂ ಟೋಳಿಗಳು ಅಳಿಯಲಿಲ್ಲ. ಒಬ್ಬ ಸದ್ಗೃಹಸ್ಥನ ಭೇಟಿಯಿಂದ ಎರಡು ತಲೆಮಾರಿನ ರೂಢಿಯು ಹೋಗುವುದುಂಟೆ?

ಇತ್ತ ಹಡಗುಕಟ್ಟೆಗಳೂ ಕಾರಖಾನೆಗಳೂ ಒಂದೊಂದಾಗಿ ಮುಚ್ಚುತ್ತ ಬಂದವು. ಕೆಲಸ ಕಳೆದುಕೊಂಡ ತಂದೆ, ಕೆಲಸದ ಆಸೆಯೇ ಇಲ್ಲದ ಮಗ, ನಡುವೆ ಮದ್ಯದ ಬಾಟಲಿ: ಈ ಚಿತ್ರವನ್ನು ಗಿರಣಿಗಳ ಭೋಂಗಾ ನಿಂತುಹೋದುದನ್ನು ಕಂಡ ನಮ್ಮ ಸೊಲ್ಲಾಪುರ ಸೀಮೆಯ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ೨೦೦೮ರ ಹೊತ್ತಿಗೆ ನಗರದಲ್ಲಿ ಸುಮಾರು ೧೭೦ ಟೋಳಿಗಳಿದ್ದವೆಂದು ಒಂದು ವರದಿಯು ಎಣಿಸಿತು. ಇವು ಹಣಕ್ಕಾಗಿ ದರೋಡೆ ಮಾಡುವ ದೊಡ್ಡ ಕಳ್ಳರ ಕೂಟಗಳೆಂದು ತಿಳಿಯಬಾರದು. ಹೆಚ್ಚಿನವು ಓಣಿಯ ಹುಡುಗರ ಗುಂಪುಗಳು. ಹನ್ನೆರಡು ಹದಿಮೂರು ವರ್ಷದವರೂ ಅವುಗಳಲ್ಲಿ ಇದ್ದರು. ಅವರ ಜಗಳವೆಲ್ಲ ಗಡಿಯ ಜಗಳ. ಗಡಿನಾಡಿನವರಾದ ನಮಗೆ ಗಡಿಯೆಂದರೇನೆಂದು ಗೊತ್ತು. ಆದರೆ ನಾವು ದಿನವೂ ಗಡಿ ದಾಟಿ ಸಂತೆಗೂ ಲಗ್ನಕ್ಕೂ ಹೋಗಿ ಬರುತ್ತೇವೆ. ಆ ಹುಡುಗರ ಗಡಿಯು ಒಂದು ರಸ್ತೆಯ ಅಗಲದ್ದು, ಅದನ್ನು ದಾಟಿದವನಿಗೆ ಇರಿತ ಕಾದಿರುತ್ತಿತ್ತು. ಆಚೆಯ ಬೀದಿಯಲ್ಲಿ ಈಜುಕೊಳವಿದ್ದರೆ ಈಚೆಯವನು ಈಜುವಂತಿಲ್ಲ. ಆಚೆ ಕೆಲಸ ಸಿಕ್ಕರೆ ಈಚೆಯವನು ಹೋಗುವಂತಿಲ್ಲ.

ಪೋಲೀಸರು ಸುಮ್ಮನೆ ಕುಳಿತಿರಲಿಲ್ಲ. ೧೯೯೩ರಲ್ಲಿ ಸ್ಟ್ರಾತ್‌ಕ್ಲೈಡ್ ಪೋಲೀಸ್ ದಳವು ‘ಆಪರೇಶನ್ ಬ್ಲೇಡ್’ ಎಂಬ ದೊಡ್ಡ ಕಾರ್ಯಾಚರಣೆಯನ್ನು ಹೂಡಿತು. ಚೂರಿಗಳನ್ನು ತಾವಾಗಿ ತಂದೊಪ್ಪಿಸಿದವರಿಗೆ ಮಾಫಿ, ಬೀದಿಗಳಲ್ಲಿ ಜಡತಿ, ಎಲ್ಲೆಡೆಯೂ ಪ್ರಚಾರ. ಕೆಲವು ತಿಂಗಳು ದವಾಖಾನೆಗೆ ಬರುವ ಗಾಯಾಳುಗಳ ಸಂಖ್ಯೆ ಇಳಿಯಿತು. ವರ್ಷ ತಿರುಗುವುದರೊಳಗೆ ಅದು ಮತ್ತೆ ಏರಿತೆಂಬುದನ್ನು ಗ್ಲಾಸ್ಗೋದ ವೈದ್ಯರೇ ತಮ್ಮ ದಫ್ತರದಿಂದ ತೋರಿಸಿಕೊಟ್ಟರು. ಜ್ವರಕ್ಕೆ ತಣ್ಣೀರ ಪಟ್ಟಿ ಕಟ್ಟಿದಂತೆ ಆಯಿತು. ಪಟ್ಟಿಯನ್ನು ತೆಗೆದೊಡನೆ ಮೈ ಮತ್ತೆ ಸುಡತೊಡಗಿತು.

ಇಂತಿರಲು, ೨೦೦೫ರ ಜನವರಿಯಲ್ಲಿ ಅದೇ ಪೋಲೀಸ್ ದಳವು ಹಿಂಸಾನಿವಾರಣ ಘಟಕವೆಂಬ ಒಂದು ಚಿಕ್ಕ ವಿಭಾಗವನ್ನು ಸ್ಥಾಪಿಸಿತು. ಅದರ ಚುಕ್ಕಾಣಿ ಹಿಡಿದವರು ಇಬ್ಬರು. ಜಾನ್ ಕಾರ್ನಕನ್ ಎಂಬವರು ಕೊಲೆಗಳ ತಪಾಸಣೆಯಲ್ಲಿ ಪಳಗಿದ ಹಿರಿಯ ಪತ್ತೇದಾರ ಅಧಿಕಾರಿ. ಕ್ಯಾರಿನ್ ಮೆಕ್ಲಸ್ಕಿ ಎಂಬ ಮಹಿಳೆಯು ಮೊದಲು ದಾದಿಯ ಕೆಲಸ ಕಲಿತು, ಬಳಿಕ ಮನಶ್ಶಾಸ್ತ್ರವನ್ನು ಓದಿ, ಪೋಲೀಸ್ ದಳದಲ್ಲಿ ಮಾಹಿತಿಯ ವಿಶ್ಲೇಷಣೆಯನ್ನು ನೋಡಿಕೊಳ್ಳುತ್ತಿದ್ದರು. ಒಬ್ಬರು ಹೆಣಗಳನ್ನು ಕಂಡವರು, ಇನ್ನೊಬ್ಬರು ರೋಗಿಗಳನ್ನು ಕಂಡವರು. ಈ ಜೋಡಿಯು ಕೂಡಿದ್ದು ಆ ಊರಿನ ಭಾಗ್ಯವೆಂದೇ ನನಗೆ ತೋರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೨ರಲ್ಲಿ ಹೊರಡಿಸಿದ ವರದಿಯೊಂದರಲ್ಲಿ ಹಿಂಸೆಯು ಬರಿಯ ಅಪರಾಧವಲ್ಲ, ಸಾರ್ವಜನಿಕ ಆರೋಗ್ಯದ ಪ್ರಶ್ನೆಯೂ ಹೌದು, ಅದನ್ನು ಮುಂಚಿತವಾಗಿಯೇ ತಡೆಯಲು ಬರುತ್ತದೆ ಎಂದು ಹೇಳಿತ್ತು. ಇದೇ ವಿಚಾರವನ್ನು ಅವರು ಕೈಗೆತ್ತಿಕೊಂಡರು. ಮರುವರ್ಷ, ೨೦೦೬ರಲ್ಲಿ, ಘಟಕದ ಕೆಲಸವು ಇಡಿಯ ಸ್ಕಾಟ್ಲಂಡಕ್ಕೆ ವಿಸ್ತರಿಸಿತು.

ಆರೋಗ್ಯದ ಪ್ರಶ್ನೆಯೆಂದರೇನು? ಊರಿನಲ್ಲಿ ವಾಂತಿಭೇದಿ ಹಬ್ಬಿತೆನ್ನಿ. ಜಾಣನಾದ ವೈದ್ಯನು ಮಲಗಿದವರಿಗೆ ಔಷಧ ಕೊಡುತ್ತಾನೆ. ಅಷ್ಟಕ್ಕೇ ನಿಲ್ಲದೆ, ಮೊದಲು ಯಾವ ಮನೆಯಲ್ಲಿ ಬಂದಿತು, ಅವರು ಯಾವ ಬಾವಿಯ ನೀರು ಕುಡಿದರು, ಮುಂದೆ ಯಾರಿಗೆ ತಗಲುವ ಸಂಭವವಿದೆ ಎಂದು ಹುಡುಕುತ್ತಾನೆ. ಗ್ಲಾಸ್ಗೋದಲ್ಲಿಯೂ ಇದೇ ಪ್ರಶ್ನೆಗಳನ್ನು ಚೂರಿಯ ವಿಷಯವಾಗಿ ಕೇಳಿದರು. ಮೊದಲು ತಿಳಿದುದೆಂದರೆ, ಪೋಲೀಸರ ಪುಸ್ತಕವೇ ಅಪೂರ್ಣ. ದವಾಖಾನೆಗೆ ಬಂದ ಗಾಯಾಳುಗಳಲ್ಲಿ ಅನೇಕರು ಫಿರ್ಯಾದಿ ಕೊಟ್ಟಿರಲೇ ಇಲ್ಲ. ಆದುದರಿಂದ ಎಲ್ಲಿ, ಯಾವ ವಾರ, ಯಾವ ಹೊತ್ತಿನಲ್ಲಿ ಇರಿತಗಳಾಗುತ್ತವೆಂಬುದನ್ನು ದವಾಖಾನೆಯಿಂದಲೂ ಕೂಡಿಸಬೇಕಾಯಿತು. ಎರಡನೆಯದಾಗಿ, ಚೂರಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಅಡ್ಡಾಡುವ ಹುಡುಗರಲ್ಲಿ ಬಹಳ ಮಂದಿ ಅದನ್ನು ಅಂಜಿಕೆಯಿಂದ ಒಯ್ಯುತ್ತಿದ್ದರು. ಎದುರಿನವನ ಹತ್ತಿರ ಇದ್ದೀತೆಂದು ಇವನು ಒಯ್ಯುವುದು, ಇವನ ಹತ್ತಿರ ಇದೆಯೆಂದು ಮೂರನೆಯವನು ಒಯ್ಯುವುದು. ಅಂಟುಬೇನೆಯ ಲಕ್ಷಣವೇ ಇದು. ಮೂರನೆಯದಾಗಿ, ಇರಿದವನ ಬಾಲ್ಯವನ್ನು ಕೆದಕಿ ನೋಡಿದರೆ ಅಲ್ಲಿ ಏಟು, ಕುಡಿತ, ತಾಯಿಯ ಮೇಲೆ ಎತ್ತಿದ ಕೈ, ಶಾಲೆ ಬಿಟ್ಟ ದಾಖಲೆ ಇವು ಮೇಲಿಂದ ಮೇಲೆ ಸಿಗುತ್ತಿದ್ದವು. ಸಾವಿರ ಮಂದಿ ಹೆಚ್ಚಿನ ಪೋಲೀಸರು ಬೇಕೋ, ಹಸುಗೂಸುಗಳಿರುವ ಮನೆಗಳಿಗೆ ಹೋಗಿ ತಾಯಂದಿರಿಗೆ ನೆರವಾಗುವ ಸಾವಿರ ದಾದಿಯರು ಬೇಕೋ ಎಂದರೆ ತಾನು ದಾದಿಯರನ್ನೇ ಆರಿಸಿಕೊಳ್ಳುವೆನೆಂದು ಕಾರ್ನಕನ್ ಅವರು ಬಹಿರಂಗವಾಗಿ ಹೇಳಿದುದು ಈ ಕಾರಣಕ್ಕಾಗಿಯೇ.

ಆದರೆ ಇಂದಿನ ಹಸುಗೂಸು ತರುಣನಾಗುವ ತನಕ ಇಂದಿನ ತರುಣನು ಕಾಯುವುದಿಲ್ಲವಷ್ಟೆ. ಅವನಿಗಾಗಿ ಅಮೇರಿಕೆಯ ಒಂದು ಉಪಾಯವನ್ನು ಎರವಲು ತಂದರು. ಬೋಸ್ಟನ್ ನಗರದಲ್ಲಿ ೧೯೯೬ರಿಂದ ಪೋಲೀಸರು, ವಿದ್ವಾಂಸರು, ಚರ್ಚಿನ ಪಾದ್ರಿಗಳು, ಸಮಾಜಸೇವಕರು ಒಂದಾಗಿ ಟೋಳಿಗಳ ಹುಡುಗರನ್ನು ಎದುರಿಗೆ ಕೂಡಿಸಿ, ಕೊಲೆ ನಿಲ್ಲಿಸಿರಿ, ನಿಲ್ಲಿಸಿದವರಿಗೆ ನಾವು ಒತ್ತಾಸೆಯಾಗುವೆವು, ನಿಲ್ಲಿಸದಿದ್ದರೆ ಕಾಯಿದೆಯ ಪೂರ್ಣ ಭಾರವು ನಿಮ್ಮ ಮೇಲೆ ಬೀಳುವುದು ಎಂದು ನೇರವಾಗಿ ಹೇಳಿದ್ದರು. ಅಲ್ಲಿ ತರುಣರ ಕೊಲೆಗಳು ತಿಂಗಳ ಲೆಕ್ಕದಲ್ಲಿ ನೂರಕ್ಕೆ ೬೩ರಷ್ಟು ಇಳಿದುವೆಂದು ಸಂಶೋಧಕರು ಲೆಕ್ಕ ಹಾಕಿದ್ದರು. ಇದೇ ಮಾದರಿಯನ್ನು ಗ್ಲಾಸ್ಗೋದ ಪೂರ್ವಭಾಗದಲ್ಲಿ ೨೦೦೮ರಲ್ಲಿ ಆರಂಭಿಸಿದರು. ಒಂದು ಅಡಚಣೆ ಇತ್ತು. ಬೋಸ್ಟನ್ನಿನಲ್ಲಿ ಶಿಕ್ಷೆಯ ಅವಧಿಯಲ್ಲಿ ಹೊರಗೆ ಬಿಡಲ್ಪಟ್ಟ ಹುಡುಗರನ್ನು ಬರಲೇಬೇಕೆಂದು ಕಟ್ಟುಪಡಿಸಲು ಬರುತ್ತಿತ್ತು. ಸ್ಕಾಟ್ಲಂಡದಲ್ಲಿ ಅಂಥ ಕಟ್ಟುಪಾಡು ಇರಲಿಲ್ಲ. ಆದುದರಿಂದ ಪೋಲೀಸರೂ ಸಮಾಜಸೇವಕರೂ ಮನೆಮನೆಗೆ ಹೋಗಿ ಹುಡುಗರನ್ನು ಬನ್ನಿರೆಂದು ಕರೆಯಬೇಕಾಯಿತು.

ಆ ವರ್ಷದ ಅಕ್ಟೋಬರದಲ್ಲಿ ನಗರದ ಶೆರಿಫ್ ನ್ಯಾಯಾಲಯದಲ್ಲಿ ಮೊದಲನೆಯ ಸಭೆ ಕೂಡಿತು. ಬೇರೆ ಬೇರೆ ಟೋಳಿಗಳ ಹುಡುಗರು ಒಂದೇ ಸೂರಿನ ಕೆಳಗೆ ಕುಳಿತಿದ್ದಾರೆ, ಸುತ್ತಲೂ ಪೋಲೀಸರ ಬಂದೋಬಸ್ತು ಇದೆ. ನ್ಯಾಯಾಧೀಶರು ಪೀಠದ ಮೇಲೆ ಬಂದು ಕುಳಿತು, ಇದು ನ್ಯಾಯಾಲಯವೆಂಬುದನ್ನು ಮರೆಯಬೇಡಿರೆಂದು ಹೇಳುತ್ತಾರೆ. ಪೋಲೀಸ್ ಅಧಿಕಾರಿಯು ಎದ್ದು ಟೋಳಿಗಳ ನಕಾಶೆಯನ್ನೂ, ಬೀದಿಯಲ್ಲಿ ತೆಗೆದ ಹುಡುಗರವೇ ಭಾವಚಿತ್ರಗಳನ್ನೂ ಪರದೆಯ ಮೇಲೆ ತೋರಿಸುತ್ತಾನೆ. ನೀವು ಯಾರು, ಎಲ್ಲಿರುವಿರಿ, ನಿಮ್ಮ ಸಂಗಾತಿಗಳಾರು, ಎಲ್ಲ ನಮಗೆ ಗೊತ್ತು. ಇನ್ನು ಮುಂದೆ ನಿಮ್ಮಲ್ಲೊಬ್ಬನು ಇರಿದರೆ ಇಡಿಯ ಗುಂಪಿನ ಬೆನ್ನು ಹತ್ತುವೆವು ಎಂಬುದು ಅವನ ಮಾತಿನ ಸಾರ. ಆಮೇಲೆ ಶಸ್ತ್ರವೈದ್ಯರು ಎದ್ದು, ಚೂರಿಯಿಂದ ಸೀಳಿದ ಮುಖವನ್ನು ಹೊಲಿಯುವುದು ಎಂದರೇನು, ಹೊಲಿದ ಮೇಲೆ ಆ ಮುಖವು ಜೀವನವಿಡೀ ಹೇಗಿರುವುದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹಿಂದೆ ತಾನೂ ಟೋಳಿಯಲ್ಲಿದ್ದು ಸೆರೆಮನೆ ಕಂಡುಬಂದವನು ಮಾತನಾಡುತ್ತಾನೆ. ಕಡೆಗೆ ಒಬ್ಬ ತಾಯಿ ಎದ್ದು ನಿಂತು ತನ್ನ ಮಗನಿಗೆ ಆದುದನ್ನು ಹೇಳುತ್ತಾಳೆ. ಪೋಲೀಸರ ಎದುರಿಗೆ ಸೆಟೆದು ಕುಳಿತಿದ್ದ ಹುಡುಗರು ಈ ತಾಯಿಯ ಎದುರಿಗೆ ತಲೆ ತಗ್ಗಿಸಿದರೆಂದು ಸಭೆಯನ್ನು ನಡೆಸಿದವರು ಆಮೇಲೆ ಹೇಳಿದ್ದಾರೆ. ತಂದೆಯನ್ನು ಮರೆತ, ಮಾಸ್ತರನ್ನು ಲೆಕ್ಕಿಸದ ಹುಡುಗನಿಗೂ ತಾಯಿಯೊಬ್ಬಳು ಇದ್ದೇ ಇರುತ್ತಾಳೆ.

ಸಭೆ ಮುಗಿದಾಗ ಪ್ರತಿಯೊಬ್ಬನ ಕೈಗೂ ಒಂದು ದೂರವಾಣಿ ಸಂಖ್ಯೆಯನ್ನು ಕೊಟ್ಟು ಕಳಿಸಿದರು. ಟೋಳಿಯನ್ನು ಬಿಡಬೇಕೆನ್ನುವವನು ಹಗಲು ರಾತ್ರಿಯೆನ್ನದೆ ಆ ಸಂಖ್ಯೆಗೆ ಕರೆ ಮಾಡಬಹುದು. ಕರೆದವನಿಗೆ ಓದು, ಕಸಬಿನ ತರಬೇತು, ಕುಡಿತ ಬಿಡಿಸುವ ಚಿಕಿತ್ಸೆ, ಸಿಟ್ಟನ್ನು ತಡೆದುಕೊಳ್ಳುವ ಶಿಕ್ಷಣ, ಇರಲು ಮನೆ, ಇವುಗಳಲ್ಲಿ ಅವನಿಗೆ ಯಾವುದು ಬೇಕೋ ಅದನ್ನು ಒದಗಿಸಲು ಬೇರೆ ಬೇರೆ ಇಲಾಖೆಗಳು ಒಂದೇ ಮೇಜಿನ ಸುತ್ತ ಕುಳಿತಿದ್ದವು. ಇಲಾಖೆಗಳನ್ನು ಹೀಗೆ ಒಂದು ಮೇಜಿಗೆ ತರುವುದು ಟೋಳಿಗಳನ್ನು ಒಂದು ಕೋಣೆಗೆ ತರುವುದಕ್ಕಿಂತ ಸುಲಭವಾಗಿರಲಿಕ್ಕಿಲ್ಲವೆಂದು, ಸರಕಾರಿ ಕಾಗದಪತ್ರಗಳ ಪರಿಚಯವುಳ್ಳ ನನಗೆ ಅನಿಸುತ್ತದೆ. ಈ ಯೋಜನೆಯು ೨೦೧೧ರ ವರೆಗೆ ನಡೆಯಿತು. ಅದರಲ್ಲಿ ಸೇರಿದ ೧೬೭ ತರುಣರನ್ನು, ಅಷ್ಟೇ ಬಡತನದ ಬೇರೊಂದು ಭಾಗದ ಅದೇ ವಯಸ್ಸಿನವರೊಡನೆ ಹೋಲಿಸಿ ೨೦೧೪ರಲ್ಲಿ ಒಂದು ಅಧ್ಯಯನವು ಪ್ರಕಟವಾಯಿತು. ಹಿಂಸೆಯು ಎರಡೂ ಕಡೆಗಳಲ್ಲಿ ಇಳಿದಿತ್ತು. ಚೂರಿಯನ್ನು ಒಯ್ಯುವ ಚಾಳಿಯು ಮಾತ್ರ ಯೋಜನೆಗೆ ಸೇರಿದವರಲ್ಲಿ ಬಹಳ ಹೆಚ್ಚಾಗಿ ಇಳಿದಿತ್ತು.

ವೈದ್ಯರ ಪಾಲನ್ನೂ ಹೇಳಬೇಕು. ೨೦೦೮ರಲ್ಲಿಯೇ ಅಲ್ಲಿಯ ಕೆಲವು ಶಸ್ತ್ರವೈದ್ಯರು ‘ಮೆಡಿಕ್ಸ್ ಅಗೆನ್ಸ್ಟ್ ವಾಯೊಲೆನ್ಸ್’ ಎಂಬ ಧರ್ಮಸಂಸ್ಥೆಯನ್ನು ಕಟ್ಟಿ, ಶಾಲೆಗಳಿಗೆ ಹೋಗಿ ಮಕ್ಕಳೊಡನೆ ಮಾತನಾಡತೊಡಗಿದರು. ೨೦೧೫ರ ಡಿಸೆಂಬರದಲ್ಲಿ ಇವರೂ ಹಿಂಸಾನಿವಾರಣ ಘಟಕವೂ ಕೂಡಿ ಗ್ಲಾಸ್ಗೋ ರಾಯಲ್ ಇನ್ಫರ್ಮರಿ ಎಂಬ ದೊಡ್ಡ ದವಾಖಾನೆಯ ತುರ್ತು ವಿಭಾಗದಲ್ಲಿ ‘ನ್ಯಾವಿಗೇಟರ್’ ಎಂಬ ಕಾರ್ಯಕರ್ತರನ್ನು ಇರಿಸಿದರು. ನ್ಯಾವಿಗೇಟರನೆಂದರೆ ದಾರಿ ತೋರಿಸುವವನು. ಇರಿಸಿಕೊಂಡು ಬಂದವನು ಹಾಸಿಗೆಯ ಮೇಲೆ ಮಲಗಿರುವಾಗ, ಅವನ ಗೆಳೆಯರು ಸೇಡಿನ ಮಾತನ್ನು ಇನ್ನೂ ಅವನ ಕಿವಿಯಲ್ಲಿ ಊದಿರದಿರುವಾಗ, ಇವನು ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಕೇಳುವುದು ಬಹಳವೇನಿಲ್ಲ: ಮುಂದೇನು ಮಾಡುವೆ, ಮನೆಯಲ್ಲಿ ಯಾರಿದ್ದಾರೆ, ನಾಳೆ ನಾನು ಬರಲೇ? ಮನುಷ್ಯನ ಮನಸ್ಸು ಯಾವಾಗಲೂ ಉಪದೇಶಕ್ಕೆ ತೆರೆದಿರುವುದಿಲ್ಲ. ಗಾಯದ ರಾತ್ರಿ ಕೆಲವು ಗಳಿಗೆ ತೆರೆದಿರುತ್ತದೆ. ಆ ಗಳಿಗೆಯನ್ನು ಹಿಡಿಯುವುದೇ ಇವರ ಕಸಬು. ಅವನು ಗುಣವಾಗಿ ಮನೆಗೆ ಹೋದ ಮೇಲೆಯೂ ಸಂಬಂಧವನ್ನು ಬಿಡುವುದಿಲ್ಲ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ಸ್ಕಾಟ್ಲಂಡದಲ್ಲಿ ತಂಟೆಮಾಡುವ ವಿದ್ಯಾರ್ಥಿಯನ್ನು ಕೆಲವು ದಿನಗಳ ಮಟ್ಟಿಗೆ, ಅಪರೂಪಕ್ಕೆ ಕಾಯಮ್ಮಾಗಿಯೂ, ಶಾಲೆಯಿಂದ ಹೊರಗೆ ಹಾಕುವ ಪದ್ಧತಿ ಇತ್ತು. ೨೦೦೬-೦೭ನೆಯ ಒಂದೇ ವರ್ಷದಲ್ಲಿ ದೇಶದ ಸರಕಾರಿ ಶಾಲೆಗಳಲ್ಲಿ ಇಂಥ ಶಿಕ್ಷೆಗಳು ೪೪ ಸಾವಿರವನ್ನು ಮೀರಿದ್ದವು. ಹೀಗೆ ಹೊರಗೆ ಬಿದ್ದ ಹುಡುಗನು ಮನೆಯಲ್ಲಿ ಕುಳಿತು ಪಶ್ಚಾತ್ತಾಪ ಪಡುತ್ತಾನೆಂದು ನಂಬುವ ಶಿಕ್ಷಕರು ಇದ್ದರೆ ಅವರು ನಾಳೆ ಮಧ್ಯಾಹ್ನ ಹನ್ನೊಂದು ಗಂಟೆಗೆ ಊರ ಮೋಟಾರ್ ಸ್ಟ್ಯಾಂಡಿಗೆ ಹೋಗಿ ನೋಡಲಿ. ಅವನು ನೇರವಾಗಿ ಬೀದಿಗೆ ಹೋಗುತ್ತಾನೆ. ಬೀದಿಯಲ್ಲಿ ಟೋಳಿಯು ಬಾಗಿಲು ತೆರೆದು ಕುಳಿತಿರುತ್ತದೆ, ಅದು ಯಾರ ಹೆಸರನ್ನೂ ಪಟದಿಂದ ಕಡಿದು ಹಾಕುವುದಿಲ್ಲ. ಗ್ಲಾಸ್ಗೋದ ಶಿಕ್ಷಣ ಇಲಾಖೆಯು ಇದನ್ನು ಕಂಡುಕೊಂಡು, ಹೊರಗೆ ಹಾಕುವುದನ್ನು ಕಟ್ಟಕಡೆಯ ಉಪಾಯವನ್ನಾಗಿ ಮಾಡಬೇಕೆಂದು ಶಾಲೆಗಳಿಗೆ ತಿಳಿಸಿತು. ಬರಿ ಸುತ್ತೋಲೆಯಿಂದ ಇಂಥ ಕೆಲಸ ಆಗುವುದಿಲ್ಲ. ಅನೇಕ ಪ್ರಾಥಮಿಕ ಶಾಲೆಗಳಲ್ಲಿ ‘ಪೋಷಣೆಯ ಕೋಣೆ’ಗಳು ಹುಟ್ಟಿದವು. ಇದರ ಮೂಲ ಕಲ್ಪನೆಯು ಲಂಡನ್ನಿನಲ್ಲಿ ಮಾರ್ಜರಿ ಬಾಕ್ಸಲ್ ಎಂಬ ಮನಶ್ಶಾಸ್ತ್ರಜ್ಞೆಯದು. ಮನೆಯಲ್ಲಿ ಪ್ರೀತಿಯನ್ನೂ ಕ್ರಮವನ್ನೂ ಕಾಣದೆ ಬಂದ ಎಂಟು ಹತ್ತು ಮಕ್ಕಳಿಗೆ ಒಂದು ಚಿಕ್ಕ ಕೋಣೆ, ಇಬ್ಬರು ಹಿರಿಯರು, ಕುಳಿತುಕೊಳ್ಳಲು ಮನೆಯಂಥ ಆಸನ, ಎಲ್ಲರೂ ಕೂಡಿ ತಿನ್ನುವ ಬೆಳಗಿನ ಉಪಾಹಾರ. ತನ್ನ ಸರದಿಗಾಗಿ ಕಾಯುವುದು, ಬೇಕಾದುದನ್ನು ಬಾಯಿಂದ ಕೇಳುವುದು, ಸಿಟ್ಟು ಬಂದಾಗ ಕೈ ಎತ್ತದಿರುವುದು ಇವನ್ನು ಅಕ್ಷರದಂತೆಯೇ ಒಂದೊಂದಾಗಿ ಅಲ್ಲಿ ಕಲಿಸುತ್ತಾರೆ. ಇದಲ್ಲದೆ ೨೦೧೦ರ ದಶಕದಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿಗಳೇ ಕೆಳಗಿನವರಿಗೆ, ಹೊಡೆದಾಟವನ್ನು ಕಂಡಾಗ ನೋಡುತ್ತ ನಿಲ್ಲದೆ ಏನು ಮಾಡಬಹುದೆಂಬುದನ್ನು ಕಲಿಸುವ ಕ್ರಮವೂ ಪ್ರೌಢಶಾಲೆಗಳಲ್ಲಿ ಬಂದಿತು. ಹಿರಿಯ ಹುಡುಗನ ಒಂದು ಮಾತು ಮುಖ್ಯಾಧ್ಯಾಪಕನ ಹತ್ತು ಭಾಷಣಕ್ಕೆ ಸಮವೆಂಬುದನ್ನು ನಾನು ಸಂತೋಷದಿಂದಲೇ ಒಪ್ಪುತ್ತೇನೆ. ೨೦೧೬-೧೭ರ ಹೊತ್ತಿಗೆ ದೇಶದಲ್ಲಿ ಹೊರಗೆ ಹಾಕುವ ಶಿಕ್ಷೆಗಳು ಸುಮಾರು ೧೮ ಸಾವಿರಕ್ಕೆ ಇಳಿದವು. ಗ್ಲಾಸ್ಗೋ ನಗರದಲ್ಲಿ ಇಳಿತವು ಇನ್ನೂ ಹೆಚ್ಚಿನದು. ನಮ್ಮ ದೇಶದಲ್ಲಿಯೂ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರಾಥಮಿಕ ಶಿಕ್ಷಣ ಮುಗಿಯುವ ವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕಕೂಡದೆಂದು ವಿಧಿಸಿದೆ. ಎಂಟನೆಯ ತರಗತಿಯಾದ ಮೇಲೆ ತಾನಾಗಿಯೇ ಹೊರಗೆ ಉಳಿಯುವವನ ಚಿಂತೆಯನ್ನು ಮಾತ್ರ ಕಾಯಿದೆಗೆ ಬಿಡಲು ಬರುವಂತಿಲ್ಲ. ಅದು ಪಾಲಕರದೂ ನಮ್ಮದೂ ಕೂಡಿದ ಕೆಲಸ.

ಫಲವನ್ನು ಅಂಕಿಗಳಲ್ಲಿ ನೋಡೋಣ. ೨೦೦೬ರ ಏಪ್ರಿಲಿನಿಂದ ಐದು ವರ್ಷಗಳಲ್ಲಿ ಸ್ಕಾಟ್ಲಂಡದಲ್ಲಿ ಚೂರಿಯಿಂದ ಕೊಲೆಯಾದ ಮಕ್ಕಳೂ ಕಿಶೋರರೂ ೪೦ ಮಂದಿ. ಅವರಲ್ಲಿ ೧೫ ಮಂದಿ ಗ್ಲಾಸ್ಗೋದವರು. ಮುಂದಿನ ಐದು ವರ್ಷಗಳಲ್ಲಿ, ಅಂದರೆ ೨೦೧೬ರ ಏಪ್ರಿಲಿನ ವರೆಗೆ, ದೇಶದಲ್ಲಿ ೮ ಮಂದಿ. ಗ್ಲಾಸ್ಗೋದಲ್ಲಿ ಒಬ್ಬನೂ ಇಲ್ಲ. ಎಲ್ಲ ವಯಸ್ಸಿನವರನ್ನೂ ಹಿಡಿದರೆ ೨೦೦೪-೦೫ರಲ್ಲಿ ದೇಶದಲ್ಲಿ ೧೪೦ರ ಸಮೀಪಕ್ಕೆ ಮುಟ್ಟಿದ್ದ ಕೊಲೆಗಳು ೨೦೨೨-೨೩ರಲ್ಲಿ ೫೨ಕ್ಕೆ ಬಂದಿದ್ದವು.

ಇದೆಲ್ಲವೂ ಒಂದು ಘಟಕದ ಪವಾಡವೆಂದು ಹೇಳುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ದಂಡವು ಇದ್ದೇ ಇತ್ತು. ೨೦೦೬ರಲ್ಲಿ ಚೂರಿಯನ್ನು ಒಯ್ಯುವ ಅಪರಾಧಕ್ಕೆ ಗರಿಷ್ಠ ಶಿಕ್ಷೆಯನ್ನು ಎರಡು ವರ್ಷದಿಂದ ನಾಲ್ಕಕ್ಕೆ ಏರಿಸಿದರು, ೨೦೧೬ರಲ್ಲಿ ಐದಕ್ಕೆ. ಬೀದಿಯಲ್ಲಿ ಹುಡುಗರನ್ನು ತಡೆದು ಜಡತಿ ಮಾಡುವುದೂ ಬಹಳ ಹೆಚ್ಚಿತು. ಸಕಾರಣವಾದ ಸಂಶಯವಿಲ್ಲದೆ ಚಿಕ್ಕ ಮಕ್ಕಳನ್ನೂ ತಡೆದು ಕಿಸೆ ನೋಡುತ್ತಿದ್ದರೆಂಬ ದೂರು ಎದ್ದು, ೨೦೧೭ರ ಮೇ ತಿಂಗಳಲ್ಲಿ ಆ ರೂಢಿಯನ್ನು ನಿಲ್ಲಿಸಬೇಕಾಯಿತು. ಇದೇ ಕಾಲದಲ್ಲಿ ತರುಣರ ಕುಡಿತವೂ ಕಡಮೆಯಾಗಿತ್ತು. ಯಾವ ಕಾರಣದ ಪಾಲು ಎಷ್ಟೆಂದು ತಕ್ಕಡಿಯಲ್ಲಿ ತೂಗಿ ಹೇಳುವಂತಿಲ್ಲ. ದಂಡವೊಂದನ್ನೇ ನಂಬಿದ ೧೯೯೩ರ ಪ್ರಯತ್ನವು ವರ್ಷವೂ ಬಾಳಲಿಲ್ಲ. ದಂಡದ ಜೊತೆಗೆ ದಾದಿ, ವೈದ್ಯ, ಮಾಸ್ತರ, ಕೆಲಸ ಕೊಡುವ ಧನಿ ಕೂಡಿದಾಗ ಇಳಿತವು ಹಲವು ವರ್ಷ ನಿಂತಿತು. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಕೆಲಸದ ವಿಷಯವಾಗಿ ಒಂದು ಮಾತು. ಸೆರೆಮನೆಯಿಂದ ಬಂದವರನ್ನು ಒಂದು ವರ್ಷದ ಮಟ್ಟಿಗೆ ಸಂಬಳಕ್ಕೆ ಇಟ್ಟುಕೊಂಡು ಅಡಿಗೆ, ವ್ಯಾಪಾರ ಕಲಿಸುವ ‘ಸ್ಟ್ರೀಟ್ ಆ್ಯಂಡ್ ಆ್ಯರೋ’ ಎಂಬ ತಿಂಡಿಯ ಗಾಡಿಯನ್ನು ಕೂಡ ಈ ಘಟಕವು ನಡೆಸಿತ್ತು. ಪೋಲೀಸರು ತಿಂಡಿಯ ಗಾಡಿ ನಡೆಸಿದುದನ್ನು ಕೇಳಿ ನಮ್ಮ ಹಿರಿಯರು ನಕ್ಕಾರು. ಆದರೆ ಬೆಳಿಗ್ಗೆ ಆರಕ್ಕೆ ಏಳಬೇಕಾದ ತರುಣನಿಗೆ ಮಧ್ಯರಾತ್ರಿ ಬೀದಿಯಲ್ಲಿ ನಿಲ್ಲಲು ಪುರಸತ್ತು ಎಲ್ಲಿಯದು?

ಲಂಡನ್ ನಗರವು ಇದೇ ಮಾದರಿಯ ಘಟಕವನ್ನು ಮಾಡುವೆನೆಂದು ೨೦೧೮ರಲ್ಲಿ ಸಾರಿತು. ೨೦೧೯ರಲ್ಲಿ ಇಂಗ್ಲಂಡ ಮತ್ತು ವೇಲ್ಸಿನ ೧೮ ಪ್ರದೇಶಗಳಿಗೆ ಇಂಥ ಘಟಕಗಳಿಗಾಗಿ ಸರಕಾರವು ಹಣ ಕೊಟ್ಟಿತು. ಸ್ಕಾಟ್ಲಂಡದಲ್ಲಿ ಮಾತ್ರ ಕೆಲಸ ಮುಗಿಯಿತೆಂದು ಯಾರೂ ಕೈ ಕಟ್ಟಿ ಕುಳಿತಿಲ್ಲ. ೨೦೨೫ರ ಮಾರ್ಚಿನಲ್ಲಿ ಗ್ಲಾಸ್ಗೋದ ಬೀದಿಯೊಂದರಲ್ಲಿ ಹದಿನೈದು ವರ್ಷದ ಬಾಲಕನೊಬ್ಬನು ಕೊಲೆಯಾದನು. ಮೂರು ತಿಂಗಳೊಳಗೆ, ಅಲ್ಲಿಂದ ಬಹು ದೂರವಲ್ಲದ ಅರ್ವಿನ್ ಊರಿನ ಸಮುದ್ರದಂಡೆಯಲ್ಲಿ ಹದಿನಾರು ವರ್ಷದ ಇನ್ನೊಬ್ಬನು ಇರಿತಕ್ಕೆ ಬಲಿಯಾದನು. ಆಮೇಲೆ ಶಾಲೆಗಳಲ್ಲಿ, ಮನೆಗಳಲ್ಲಿ, ಶಾಸನಸಭೆಯಲ್ಲಿ ಅದೇ ಹಳೆಯ ಪ್ರಶ್ನೆಗಳನ್ನು ಮತ್ತೆ ಕೇಳತೊಡಗಿದರು: ಹುಡುಗರು ಸಂಜೆ ಎಲ್ಲಿರುತ್ತಾರೆ, ಅವರ ಕಿಸೆಯಲ್ಲಿ ಏನಿದೆ, ಅವರಿಗೆ ಯಾರ ಅಂಜಿಕೆ?